ಕಡೆಗೀಲಿನ ವಿವೇಕ

ಬಂಡಿ ಮಾಡುವ ಬಡಗಿಯು ಗಾಲಿಯನ್ನು ಅಚ್ಚಿಗೆ ಬೆಸೆದುಬಿಡುವುದಿಲ್ಲ. ಒಂದು ಕಡೆಗೀಲಿನಿಂದ ನಿಲ್ಲಿಸುತ್ತಾನೆ. ದಾರಿಯಲ್ಲಿ ಗಾಲಿ ಕೆಟ್ಟರೆ ಬಂಡಿಯವನು ಕೀಲನ್ನು ಕಿತ್ತು ತಾನೇ ಸರಿಪಡಿಸಿಕೊಳ್ಳಲೆಂಬುದು ಅದರ ಉದ್ದೇಶ. ಹೆಲಿಕಾಪ್ಟರಿನ ನಿರ್ಮಾಣದಲ್ಲಿಯೂ ಇದೇ ವಿವೇಕವು ಮುಖ್ಯ ಪ್ರಶ್ನೆಯಾಗಿದೆಯೆಂದರೆ ವಾಚಕರಿಗೆ ಅಚ್ಚರಿಯಾದೀತು.

ಬೆಂಗಳೂರಿನ ಹಿಂದೂಸ್ತಾನ್ ಏರೋನಾಟಿಕ್ಸ್ ಸಂಸ್ಥೆಯಲ್ಲಿ ರೂಪುಗೊಂಡು 1992ರಲ್ಲಿ ಮೊದಲು ಹಾರಿದ 'ಧ್ರುವ' ಹೆಲಿಕಾಪ್ಟರು ಸಿಯಾಚಿನ್ ಹಿಮನದಿಯ ಕಾವಲುನೆಲೆಗಳಲ್ಲಿಯೂ ದುಡಿದಿದೆ. 2018ರ ಜನವರಿಯಲ್ಲಿ ಒಂದು ಧ್ರುವವು ಅಲ್ಲಿಯ ಖಂಡಾ ಎಂಬ ನೆಲೆಯ ಬಳಿ, ಸುಮಾರು 18,000 ಅಡಿಗಳ ಎತ್ತರದಲ್ಲಿ, ದೋಷದಿಂದಾಗಿ ಇಳಿಯಬೇಕಾಗಿ ಬಂದು ಹಿಮದಲ್ಲಿಯೇ ಉಳಿಯಿತು. ಸೈನ್ಯದ ತಂತ್ರಜ್ಞರು ಅದನ್ನು ಇದ್ದಲ್ಲಿಯೇ ದುರಸ್ತಿಮಾಡಿ ಕೆಳಗಿನ ನೆಲೆಗೆ ಹಾರಿಸಿ ತಂದದ್ದು ಜುಲೈ ತಿಂಗಳಿನಲ್ಲಿ. ಉಸಿರಾಡುವುದೇ ಕಷ್ಟವಾದ ಎಡೆಯಲ್ಲಿ, ದಪ್ಪ ಗವಸು ತೊಟ್ಟ ಕೈಯಿಂದ ತಿರುಪು ಬಿಚ್ಚಬೇಕಾದವನ ಪಾಡನ್ನು ನಕ್ಷೆ ಬರೆಯುವವನು ಮೊದಲೇ ಊಹಿಸಿಕೊಳ್ಳಬೇಕು.

ಅಮೆರಿಕದವರು ಈ ಪಾಠವನ್ನು ವಿಯೆಟ್ನಾಂ ಯುದ್ಧದಲ್ಲಿ ಕಲಿತರು. ಆ ಅನುಭವದಿಂದ ಹುಟ್ಟಿದ್ದು 'ಬ್ಲ್ಯಾಕ್ ಹಾಕ್'. ಅದರ ಟಿ-700 ಎಂಜಿನನ್ನು ನಾಲ್ಕು ಘಟಕಗಳಾಗಿ ವಿಭಾಗಿಸಿದರು. ಕೆಟ್ಟ ಘಟಕವನ್ನಷ್ಟೆ ಬದಲಿಸಿದರೆ ಸಾಕು. ಬಯಲಿನ ಬಹುಪಾಲು ಕೆಲಸಕ್ಕೆ ಹತ್ತು ಸಾಮಾನ್ಯ ಹತ್ಯಾರುಗಳು ಸಾಲುವಂತೆ ಅದನ್ನು ರಚಿಸಿದರು. ರೆಕ್ಕೆಗಳ ಬುಡದಲ್ಲಿ ಎಣ್ಣೆ ಬೇಡುವ ಬೇರಿಂಗುಗಳ ಸ್ಥಾನಕ್ಕೆ ರಬ್ಬರು ಮತ್ತು ಲೋಹದ ಪದರಗಳಿಂದಾದ ಬೇರಿಂಗುಗಳು ಬಂದವು. ಇವಕ್ಕೆ ಎಣ್ಣೆ ಬೇಡ. ಸವೆತವೂ ಮೆಲ್ಲಮೆಲ್ಲನೆ ಆಗಿ ಹೊರಗಿನಿಂದಲೇ ಕಾಣುತ್ತದೆ. ಧ್ರುವದಲ್ಲಿಯೂ ಇದೇ ಜಾತಿಯ ಬೇರಿಂಗುಗಳಿವೆ.

ಆದರೆ ಈ ಸೌಕರ್ಯಕ್ಕೆ ಬೆಲೆಯುಂಟು. ಪ್ರತಿಯೊಂದು ಬಿಚ್ಚುಜೋಡಣೆ, ಪ್ರತಿಯೊಂದು ಕಿಂಡಿಬಾಗಿಲು ತೂಕವನ್ನು ಹೆಚ್ಚಿಸುತ್ತದೆ. ತೆಳುಗಾಳಿಯಲ್ಲಿ ಹಾರುವ ಯಂತ್ರಕ್ಕೆ ಒಂದೊಂದು ಕಿಲೋ ಕೂಡ ಹೊರೆಯೇ.

ಇದಕ್ಕೂ ಮಿಗಿಲಾದ ಇನ್ನೊಂದು ಮಿತಿಯಿದೆ. 2025ರ ಜನವರಿ 5ರಂದು ಪೋರಬಂದರಿನಲ್ಲಿ ಕರಾವಳಿ ರಕ್ಷಣಾ ಪಡೆಯ ಧ್ರುವವು ಬಿದ್ದು ಮೂವರು ಮಡಿದರು. ರೆಕ್ಕೆಗಳ ಓರೆಯನ್ನು ಹತೋಟಿಯಲ್ಲಿಡುವ ಸ್ವಾಶ್ ಪ್ಲೇಟ್ ಎಂಬ ಭಾಗವು ಬಿರಿದುದು ತನಿಖೆಯಲ್ಲಿ ಕಂಡುಬಂದಿತು. ಧ್ರುವಗಳೆಲ್ಲವೂ ತಿಂಗಳುಗಟ್ಟಲೆ ಹಾರಾಟವನ್ನು ನಿಲ್ಲಿಸಬೇಕಾಯಿತು. ಇಂಥ ಬಿರುಕನ್ನು ಬಯಲಿನ ಹತ್ಯಾರುಪೆಟ್ಟಿಗೆಯು ವಾಸಿಮಾಡಲಾರದು. ಆದಕಾರಣ ಯಂತ್ರಭಾಗವು ಸುಲಭವಾಗಿ ಬಿಚ್ಚುವಂತಿದ್ದರಷ್ಟೇ ಸಾಲದು, ಕೇಡು ತಲೆದೋರುವ ಮುನ್ನವೇ ಸುಲಭವಾಗಿ ಪರೀಕ್ಷಿಸುವಂತೆಯೂ ಇರಬೇಕು.

ತುಮಕೂರು ಜಿಲ್ಲೆಯ ಗುಬ್ಬಿ ತಾಲ್ಲೂಕಿನಲ್ಲಿ 2023ರಲ್ಲಿ ಹೊಸ ಹೆಲಿಕಾಪ್ಟರ್ ಕಾರ್ಖಾನೆಯ ಉದ್ಘಾಟನೆಯಾಯಿತು. ಅಲ್ಲಿಂದ ಹೊರಬರುವ ಯಂತ್ರವನ್ನು ಒಪ್ಪಿಕೊಳ್ಳುವ ಮೊದಲು, ಹಿಮದಲ್ಲಿ ನಿಂತು ಅದನ್ನು ಬಿಚ್ಚಿ ಜೋಡಿಸಬೇಕಾದವನ ಮಾತನ್ನೂ ಕೇಳುವುದು ಒಳಿತು.