ಅನಧ್ಯಾಯವಿಲ್ಲದ ದುಡಿಮೆ

ಸೊಂಡೂರಿನ ಬೆಟ್ಟಸಾಲಿನಲ್ಲಿರುವ ದೋಣಿಮಲೈ ಕಬ್ಬಿಣದ ಅದಿರಿನಿಂದ ಹುಟ್ಟಿದ ಊರು. ರಾಷ್ಟ್ರೀಯ ಖನಿಜಾಭಿವೃದ್ಧಿ ನಿಗಮವು ೧೯೭೭ರಲ್ಲಿ ಅಲ್ಲಿ ಗಣಿಯ ಕೆಲಸವನ್ನು ಆರಂಭಿಸಿದ ಮೇಲೆ ಕೆಂಧೂಳಿನ ನಡುವೆ ವಸತಿಗೃಹಗಳೂ ಶಾಲೆಯೂ ಆಸ್ಪತ್ರೆಯೂ ಎದ್ದುವು. ಆ ಗಣಿಯಲ್ಲಿ ದುಡಿದವನ ಬಾಳು ಸುಖದ ಬಾಳೆಂದು ಯಾರೂ ಹೇಳಲಾರರು. ಆದರೂ ಅವನ ದುಡಿಮೆಗೆ ಒಂದು ಎಲ್ಲೆಯಿದ್ದಿತು. ನೆಲದ ಮೇಲಿನ ಗಣಿಯಲ್ಲಿ ಕೆಲಸಮಾಡುವ ವಯಸ್ಕನು ದಿನಕ್ಕೆ ೯ ಗಂಟೆಯನ್ನೂ ವಾರಕ್ಕೆ ೪೮ ಗಂಟೆಯನ್ನೂ ಮೀರಿ ದುಡಿಯಕೂಡದೆಂದೂ, ವಾರದಲ್ಲಿ ಒಂದು ದಿನ ಅವನಿಗೆ ಬಿಡುವಿರತಕ್ಕುದೆಂದೂ, ಹೊತ್ತು ಮೀರಿದರೆ ಮೀರಿದಷ್ಟಕ್ಕೆ ಎರಡರಷ್ಟು ವೇತನ ಸಲ್ಲತಕ್ಕುದೆಂದೂ ೧೯೫೨ರ ಗಣಿ ಕಾಯಿದೆ ವಿಧಿಸಿತ್ತು. ಪಾಳಿ ಮುಗಿಯಿತೆಂದರೆ ಮುಗಿಯಿತು. ಬೆಟ್ಟದ ಮೇಲಿನ ಯಂತ್ರವು ಅವನ ಹಿಂದೆಯೇ ಮನೆಗೆ ಇಳಿದು ಬರುತ್ತಿರಲಿಲ್ಲ. ಆ ವೇತನದಿಂದ ಅವನು ಮಕ್ಕಳಿಗೆ ಇಂಜಿನಿಯರಿಂಗ್ ಓದಿಸಿದನು. ಓದಿದ ಮಕ್ಕಳು ಬೆಂಗಳೂರಿನ ಸಾಫ್ಟ್‌ವೇರ್ ಕಂಪೆನಿಗಳನ್ನು ಸೇರಿದರು. ತಂದೆಯ ಕೈಗೆ ಮಣ್ಣು ಹತ್ತುತ್ತಿತ್ತು, ಮಗನ ಕೈಗೆ ಹತ್ತುವುದಿಲ್ಲ. ಮನೆಯವರಿಗೆ ಇದೇ ಅಭ್ಯುದಯವಾಗಿ ಕಂಡಿತು. ತಂದೆಗಿದ್ದ ಎಲ್ಲೆಯು ಮಗನಿಗೆ ಕಾಗದದ ಮೇಲೆ ಮಾತ್ರ ಉಳಿದಿರುವುದೆಂಬುದು ಬಹುಮಂದಿಯ ಗಮನಕ್ಕೆ ಬಂದಂತೆ ತೋರುವುದಿಲ್ಲ.

ಗಣಿಯ ಸ್ತೋತ್ರವನ್ನು ಇಲ್ಲಿ ಪಠಿಸಬೇಕಾಗಿಲ್ಲ. ೨೦೧೧ರಲ್ಲಿ ಸರ್ವೋಚ್ಚ ನ್ಯಾಯಾಲಯವು ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಗೆ ತಡೆಯೊಡ್ಡಬೇಕಾಗಿ ಬಂದ ಅನಾಚಾರವನ್ನು ಈ ಸೀಮೆಯ ಜನ ಕಣ್ಣಾರೆ ಕಂಡಿದ್ದಾರೆ. ದೋಣಿಮಲೈಯ ಗಣಿಯೇ ರಾಜ್ಯಕ್ಕೂ ನಿಗಮಕ್ಕೂ ನಡೆದ ವ್ಯಾಜ್ಯದಿಂದ ೨೦೧೮ರ ನವೆಂಬರಿನಿಂದ ೨೦೨೧ರ ಫೆಬ್ರವರಿಯವರೆಗೆ ನಿಂತುಹೋಗಿತ್ತು. ಗುತ್ತಿಗೆಯ ಕೂಲಿಗಾರನಿಗೆ ಕಾಯಿದೆಯ ಅಕ್ಷರ ಎಷ್ಟರಮಟ್ಟಿಗೆ ದಕ್ಕುವುದೆಂಬುದೂ ಬೇರೆಯೇ ಪ್ರಶ್ನೆ. ಆದರೆ ಕಾಯಿದೆಯನ್ನು ಕದ್ದು ಮೀರುವುದು ಒಂದು. ಮೀರುವುದನ್ನೇ ಸದ್ಗುಣವೆಂದು ವೇದಿಕೆಯ ಮೇಲೆ ಉಪದೇಶಿಸಿ, ಅದಕ್ಕೆ ಸರ್ಕಾರದ ಮುದ್ರೆಯನ್ನೂ ಬೇಡುವುದು ಇನ್ನೊಂದು. ಎರಡನೆಯದು ಬೆಂಗಳೂರಿನಲ್ಲಿ ನಡೆಯುತ್ತಲಿದೆ.

ಆ ಕಚೇರಿಗಳ ರೀತಿನೀತಿಗಳನ್ನು ಅಲ್ಲಿ ದುಡಿಯುವವರೇ ಮನೆಗೆ ಬಂದಾಗ ಹೇಳುವುದುಂಟು, ಅದೂ ಅರ್ಧ ನಗುತ್ತ. ಗಣಕಯಂತ್ರವನ್ನು ಹೆಗಲಿಗೇರಿಸಿ ಮನೆಗೆ ಕಳುಹಿಸುವರು. ಆದುದರಿಂದ ಮನೆಯೂ ಕಚೇರಿಯೇ. ಅಮೆರಿಕೆಯ ಗಿರಾಕಿ ಬೆಳಗಿನ ಕಾಫಿ ಕುಡಿಯುವ ಹೊತ್ತಿಗೆ ಇಲ್ಲಿ ರಾತ್ರಿಯ ಊಟದ ಹೊತ್ತು. ತಟ್ಟೆ ಮುಂದಿರುವಾಗಲೇ ಮೀಟಿಂಗ್ ಆರಂಭವಾಗುವುದು. ದುಡಿದುದು ಹನ್ನೆರಡು ಗಂಟೆಯಾದರೂ ಲೆಕ್ಕದ ಹಾಳೆಯಲ್ಲಿ ಎಂಟೋ ಒಂಬತ್ತೋ ಬರೆಯಬೇಕು. ರಜೆ ಹಕ್ಕೆಂದು ನಿಯಮದಲ್ಲಿದ್ದರೂ ಮ್ಯಾನೇಜರನ ಮುಖ ನೋಡಿಯೇ ಕೇಳಬೇಕು. ಕೆಲಸವನ್ನು ತಾನಾಗಿ ಬಿಡುವವನು ಮೂರು ತಿಂಗಳ ನೋಟೀಸು ಕೊಡಬೇಕು. ಕಂಪೆನಿಯೇ ಬಿಡಿಸುವುದಾದರೆ ಒಂದು ಮಧ್ಯಾಹ್ನ ಸಾಕು. ಹೊಸಬನ ವಾರ್ಷಿಕ ಸಂಬಳವು ದೊಡ್ಡ ಕಂಪೆನಿಗಳಲ್ಲಿಯೇ ಹತ್ತಾರು ವರ್ಷಗಳಿಂದ ಮೂರು ನಾಲ್ಕು ಲಕ್ಷದ ಆಸುಪಾಸಿನಲ್ಲಿ ನಿಂತಿದೆ; ಬೆಂಗಳೂರಿನ ಮನೆಬಾಡಿಗೆ ನಿಂತಿಲ್ಲ. ಇವೆಲ್ಲದರ ಮೇಲೆ ‘ನಾವೆಲ್ಲರೂ ಒಂದು ಕುಟುಂಬ’ ಎಂಬ ಮಾತು. ಯಾವ ಕುಟುಂಬವು ಮೂರು ತಿಂಗಳಿಗೊಮ್ಮೆ ಮಕ್ಕಳನ್ನು ಸಾಲಾಗಿ ನಿಲ್ಲಿಸಿ, ಕೊನೆಯವನನ್ನು ಮನೆಯಿಂದ ಹೊರಡಿಸುವುದೋ ತಿಳಿಯದು.

೨೦೨೩ರ ಅಕ್ಟೋಬರಿನಲ್ಲಿ ಇನ್ಫೋಸಿಸ್ ಸಂಸ್ಥಾಪಕರಲ್ಲೊಬ್ಬರಾದ ನಾರಾಯಣಮೂರ್ತಿಯವರು, ಈ ದೇಶದ ತರುಣರು ವಾರಕ್ಕೆ ೭೦ ಗಂಟೆ ದುಡಿಯಬೇಕೆಂದರು. ೨೦೨೫ರ ಜನವರಿಯಲ್ಲಿ ಎಲ್ ಅಂಡ್ ಟಿ ಸಂಸ್ಥೆಯ ಅಧ್ಯಕ್ಷರು ೯೦ ಗಂಟೆಯ ಮಾತನ್ನಾಡಿ, ಭಾನುವಾರವೂ ದುಡಿಸಲಾಗದುದಕ್ಕೆ ವಿಷಾದಪಟ್ಟರು. ಮನೆಯಲ್ಲಿ ಕುಳಿತು ಹೆಂಡತಿಯ ಮುಖವನ್ನು ಎಷ್ಟು ಹೊತ್ತು ನೋಡುವಿರೆಂದು ವಿನೋದವನ್ನೂ ಮಾಡಿದರು. ಗೃಹಸ್ಥಾಶ್ರಮದ ಬಗೆಗೆ ಇಷ್ಟು ಅಲ್ಪವಾದ ತಿಳಿವಳಿಕೆಯನ್ನು ಇಷ್ಟು ದೊಡ್ಡ ಹುದ್ದೆಯಲ್ಲಿ ಕಾಣುವುದು ಅಪೂರ್ವ. ಇಂತಹ ಮಾತುಗಳು ಹೊಸ ಯುಗದ ಮಾತುಗಳೆಂದು ಕೆಲವರಿಗೆ ತೋರಬಹುದು. ಅವು ಹೊಸವಲ್ಲ, ಬಹಳ ಹಳೆಯವು. ೧೯೧೧ರ ಕಾಯಿದೆಯಲ್ಲಿ ಬಟ್ಟೆಯ ಗಿರಣಿಯ ವಯಸ್ಕನಿಗೆ ದಿನಕ್ಕೆ ೧೨ ಗಂಟೆಯ ಮಿತಿಯಿದ್ದಿತು. ೧೯೨೨ರಲ್ಲಿ ಅದು ವಾರಕ್ಕೆ ೬೦ ಗಂಟೆಗೆ ಇಳಿಯಿತು; ೧೯೩೪ರಲ್ಲಿ ೫೪ಕ್ಕೆ, ೧೯೪೬ರಲ್ಲಿ ೪೮ಕ್ಕೆ. ಇಷ್ಟೂ ಇಳಿದುದು ಪರರ ಆಳ್ವಿಕೆಯ ಕಾಲದಲ್ಲಿ. ಕಡೆಯ ಇಳಿತದ ಹಿಂದಿನ ಯತ್ನವು ಡಾಕ್ಟರ್ ಅಂಬೇಡ್ಕರರು ವೈಸರಾಯರ ಸಭೆಯಲ್ಲಿ ಕಾರ್ಮಿಕ ಸದಸ್ಯರಾಗಿದ್ದಾಗಿನದು. ಸ್ವತಂತ್ರ ಭಾರತದ ೧೯೪೮ರ ಕಾರ್ಖಾನೆ ಕಾಯಿದೆ ೪೮ ಗಂಟೆಯನ್ನೇ ಸ್ಥಿರಪಡಿಸಿತು. ಹೀಗಿರಲು ೭೦ ಗಂಟೆಯೆಂಬುದು ಮುಂದಿನ ಶತಮಾನದ ಮಾತಲ್ಲ; ೧೯೨೨ಕ್ಕೂ ಹಿಂದಿನ ಮಾತು. ಗಿರಣಿಯ ಆಳಿಗೆ ಇಂಗ್ಲಿಷರು ಕೊಟ್ಟ ಬಿಡುವನ್ನು ಇಂಜಿನಿಯರಿಂಗ್ ಪದವೀಧರನಿಂದ ಸ್ವದೇಶೀಯರು ಹಿಂದಕ್ಕೆ ಕೇಳುತ್ತಿದ್ದಾರೆ.

ತಪಸ್ಸಿನ ಹೆಸರಿನಲ್ಲಿಯೂ ಇದನ್ನು ಸಮರ್ಥಿಸುವವರುಂಟು. ಅವರು ಹಳೆಯ ಪಾಠಶಾಲೆಯ ಕಟ್ಟಳೆಯನ್ನು ತಿಳಿಯರು. ಪ್ರತಿಪತ್ತು, ಅಷ್ಟಮಿ, ಚತುರ್ದಶಿ, ಹುಣ್ಣಿಮೆ ಅಮಾವಾಸ್ಯೆಗಳಲ್ಲಿ ವೇದಾಧ್ಯಯನಕ್ಕೆ ಬಿಡುವು. ಗುಡುಗಿದರೆ ಬಿಡುವು, ಊರಿನಲ್ಲಿ ಶವವಿದ್ದರೆ ಬಿಡುವು, ಶಿಷ್ಟರಾದ ಅತಿಥಿಗಳು ಮನೆಗೆ ಬಂದರೆ ಬಿಡುವು. ಅನಧ್ಯಾಯದಲ್ಲಿ ಓದುವುದನ್ನು ಸ್ಮೃತಿಕಾರರು ಶ್ರದ್ಧೆಯೆಂದೆಣಿಸಲಿಲ್ಲ, ದೋಷವೆಂದೇ ಎಣಿಸಿದರು. ವೇದಕ್ಕೇ ಇದ್ದ ಬಿಡುವು ಯಾವುದೋ ಪರದೇಶದ ಬ್ಯಾಂಕಿನ ಲೆಕ್ಕದ ಪ್ರೋಗ್ರಾಮಿಗೆ ಇರಬಾರದೇಕೆ? ಇನ್ನು ಕೆಲವರು ಶರಣರ ಕಾಯಕವನ್ನು ಮುಂದೊಡ್ಡುವರು. ಕಲ್ಯಾಣದ ಆಯ್ದಕ್ಕಿ ಮಾರಯ್ಯನು ಬೇಕಾದುದಕ್ಕಿಂತ ಹೆಚ್ಚಾಗಿ ಅಕ್ಕಿಯನ್ನು ಆಯ್ದು ತಂದಾಗ, ಹೆಚ್ಚಾದುದನ್ನು ಅಲ್ಲಿಯೇ ಸುರಿದು ಬಾರೆಂದು ಹಿಂದಿರುಗಿಸಿದವಳು ಅವನ ಹೆಂಡತಿ ಲಕ್ಕಮ್ಮ. ಕಾಯಕದ ಮಾತನ್ನೆತ್ತುವ ಒಡೆಯರು ಲಕ್ಕಮ್ಮನ ಕಥೆಯನ್ನೂ ಪೂರ್ತಿಯಾಗಿ ಹೇಳುವುದು ಒಳ್ಳೆಯದು.

ಮಾತು ಮಾತಾಗಿಯೇ ಉಳಿದಿದ್ದರೆ ಇಷ್ಟು ಬರೆಯಬೇಕಾಗಿರಲಿಲ್ಲ. ೧೯೬೧ರ ಕರ್ನಾಟಕ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯಿದೆಯು ದಿನಕ್ಕೆ ೯, ವಾರಕ್ಕೆ ೪೮ ಗಂಟೆಯ ಮಿತಿಯನ್ನು ವಿಧಿಸಿ, ಹೆಚ್ಚುವರಿ ಕೆಲಸವೂ ಸೇರಿ ದಿನಕ್ಕೆ ೧೦ ಗಂಟೆಯೆಂದಿತ್ತು. ೨೦೨೪ರ ಜುಲೈಯಲ್ಲಿ ಹೊರಬಂದ ತಿದ್ದುಪಡಿಯ ಪ್ರಸ್ತಾಪವು ಐಟಿ ನೌಕರನನ್ನು ದಿನಕ್ಕೆ ೧೨ ಗಂಟೆಗೂ ಮೀರಿ ದುಡಿಸಬಹುದೆಂದೂ, ಅಂತಹ ಹೆಚ್ಚಳವು ಮೂರು ತಿಂಗಳಿಗೆ ೧೨೫ ಗಂಟೆಯನ್ನು ಮೀರದಿದ್ದರಾಯಿತೆಂದೂ ಹೇಳಿತು. ನೌಕರರ ಸಂಘವು ಇದನ್ನು ೧೪ ಗಂಟೆಯ ದಿನವೆಂದು ಕರೆಯಿತು. ಕಾರ್ಮಿಕ ಸಚಿವ ಸಂತೋಷ್ ಲಾಡ್ ಅವರು ೨೦೦೪ರಲ್ಲಿ ಸೊಂಡೂರಿನಿಂದಲೇ ಶಾಸನಸಭೆಗೆ ಹೋದವರು. ಪ್ರಸ್ತಾಪವು ಉದ್ಯಮದವರ ಒತ್ತಾಯದಿಂದ ಬಂದುದೆಂದು ಅವರೇ ತಿಳಿಸಿದರು. ಒತ್ತಾಯಿಸುವವರು ಯಾರು, ಒತ್ತಾಯಕ್ಕೆ ಸಿಕ್ಕುವವರು ಯಾರು ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ. ಅಂದು ಎದ್ದ ಕೂಗಿಗೆ ಅದು ಹಿಂದೆ ಸರಿಯಿತು. ೨೦೨೫ರ ಜೂನಿನಲ್ಲಿ ದಿನಕ್ಕೆ ೧೦ ಗಂಟೆಯೆಂಬ ಬೇರೆ ವೇಷದಲ್ಲಿ ಬಂತು.

ಇದಕ್ಕಿಂತಲೂ ಆಳವಾದ ಗಾಯ ಇನ್ನೊಂದುಂಟು. ಅದರ ವಿಷಯ ಪತ್ರಿಕೆಗಳಲ್ಲಿ ಬರುವುದು ಕಡಮೆ. ೧೯೪೬ರ ಸ್ಥಾಯೀ ಆದೇಶಗಳ ಕಾಯಿದೆಯು ಒಡೆಯನ ಕೈಯಿಂದ ಒಂದು ಬರಹವನ್ನು ಬರೆಯಿಸಿತ್ತು: ಕೆಲಸದ ಹೊತ್ತೆಷ್ಟು, ರಜೆಯೆಷ್ಟು, ಯಾವ ನಡತೆ ತಪ್ಪು, ತಪ್ಪಿಗೆ ವಿಚಾರಣೆ ಹೇಗೆ, ಕೆಲಸದಿಂದ ತೆಗೆಯಲು ನೋಟೀಸು ಎಷ್ಟು, ಅನ್ಯಾಯವಾದಾಗ ದೂರುವುದು ಯಾರಲ್ಲಿ. ಸರ್ಕಾರದ ಅಧಿಕಾರಿಯು ಅದನ್ನು ಪರಿಶೀಲಿಸಿ ಪ್ರಮಾಣೀಕರಿಸಬೇಕು. ಅನಂತರ ಇಂಗ್ಲಿಷಿನಲ್ಲಿಯೂ, ಹೆಚ್ಚುಮಂದಿ ಕಾರ್ಮಿಕರಿಗೆ ತಿಳಿಯುವ ಭಾಷೆಯಲ್ಲಿಯೂ ಬಾಗಿಲ ಬಳಿ ಹಾಕಬೇಕು. ಕೌಟಿಲ್ಯನು ಅರ್ಥಶಾಸ್ತ್ರದಲ್ಲಿ ಆಳಿಗೂ ಒಡೆಯನಿಗೂ ಆದ ಒಪ್ಪಂದವು ನೆರೆಹೊರೆಯವರಿಗೆ ತಿಳಿದಿರಬೇಕೆಂದು ವಿಧಿಸಿದುದರ ಆಶಯವೂ ಇದೇ. ಗುಟ್ಟಿನ ಕರಾರಿನಲ್ಲಿ ಬಲಹೀನನು ಸೋಲುವನೆಂಬುದನ್ನು ಅವನು ಬಲ್ಲನು. ಈ ಕಾಯಿದೆಯಿಂದ ಕರ್ನಾಟಕ ಸರ್ಕಾರವು ಐಟಿ ಉದ್ಯಮಕ್ಕೆ ೨೦೧೪ರಲ್ಲಿ ಐದು ವರ್ಷ, ೨೦೧೯ರಲ್ಲಿ ಮತ್ತೆ ಐದು ವರ್ಷ, ೨೦೨೪ರಲ್ಲಿ ಮಗುದೊಮ್ಮೆ ಐದು ವರ್ಷ ವಿನಾಯಿತಿ ಕೊಟ್ಟಿತು. ಮುಖ್ಯಮಂತ್ರಿಗಳು ಬದಲಾದರು, ಪಕ್ಷಗಳು ಬದಲಾದುವು. ವಿನಾಯಿತಿ ಮಾತ್ರ ಬದಲಾಗಲಿಲ್ಲ. ಅದಕ್ಕೆ ಷರತ್ತುಗಳಿದ್ದುವು: ಒಡೆಯರೂ ನೌಕರರೂ ಸಮಸಂಖ್ಯೆಯಲ್ಲಿರುವ ಕುಂದುಕೊರತೆಯ ಸಮಿತಿ, ಮಹಿಳೆಯರ ದೂರಿಗೆ ಪ್ರತ್ಯೇಕ ಸಮಿತಿ, ನೌಕರನನ್ನು ತೆಗೆದರೆ ಅಥವಾ ಕೆಳಗಿಳಿಸಿದರೆ ಕಾರ್ಮಿಕ ಇಲಾಖೆಗೆ ವರದಿ. ಷರತ್ತನ್ನು ಪಾಲಿಸದಿದ್ದರೆ ವಿನಾಯಿತಿಯನ್ನು ಕಿತ್ತುಕೊಳ್ಳುವ ಧೈರ್ಯ ಸರ್ಕಾರಕ್ಕಿದ್ದಿದ್ದರೆ ಷರತ್ತಿಗೆ ಬೆಲೆಯಿರುತ್ತಿತ್ತು. ೨೦೨೫ರ ನವೆಂಬರ್ ೨೧ರಂದು ಕೇಂದ್ರದ ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದು, ೧೯೪೬ರ ಕಾಯಿದೆಯೂ ೧೯೫೨ರ ಗಣಿ ಕಾಯಿದೆಯೂ ಅವುಗಳಲ್ಲಿ ಲೀನವಾದುವು. ಹೊಸ ಸಂಹಿತೆಯಲ್ಲಿ ೩೦೦ ಮಂದಿಯೂ ಅದಕ್ಕೆ ಮೇಲೂ ಕಾರ್ಮಿಕರಿರುವ ಸಂಸ್ಥೆಗೆ ಸ್ಥಾಯೀ ಆದೇಶವುಂಟು. ವಿನಾಯಿತಿಯ ಕಿಂಡಿಯೂ ಹಾಗೆಯೇ ಉಂಟು.

ಬರಹವಿಲ್ಲದ ಕಡೆ ಏನಾಗುವುದೆಂಬುದಕ್ಕೆ ಮೈಸೂರನ್ನು ನೋಡಬಹುದು. ೨೦೨೫ರ ಫೆಬ್ರವರಿಯಲ್ಲಿ ಇನ್ಫೋಸಿಸ್ ಸಂಸ್ಥೆಯು ತನ್ನ ಮೈಸೂರಿನ ಶಿಕ್ಷಣಕೇಂದ್ರದಿಂದ ೩೦೦ಕ್ಕೂ ಹೆಚ್ಚು ಮಂದಿ ಹೊಸಬರನ್ನು ಹೊರಕ್ಕೆ ಕಳುಹಿಸಿತು. ಅವರಲ್ಲಿ ಹಲವರು ೨೦೨೨ರಲ್ಲಿ ಪದವಿ ಮುಗಿಸಿ, ಕೆಲಸದ ಕರೆಗಾಗಿ ಎರಡು ವರ್ಷ ಕಾದವರು. ಮೂರು ಸಲ ಪರೀಕ್ಷೆಗೆ ಅವಕಾಶ ಕೊಟ್ಟೆವು, ತೇರ್ಗಡೆಯಾಗದಿದ್ದರೆ ಮುಂದುವರಿಯಲಾಗದೆಂದು ಕರಾರಿನಲ್ಲಿಯೇ ಬರೆದಿತ್ತು ಎಂದು ಸಂಸ್ಥೆ ಉತ್ತರಿಸಿತು. ಉತ್ತರ ಸುಳ್ಳೆಂದು ಹೇಳಬೇಕಾಗಿಲ್ಲ. ಆದರೆ ಎರಡು ವರ್ಷ ಕಾಯಿಸಿದವರಿಗೆ ಯಾವ ಕರಾರು ದಂಡ ವಿಧಿಸಿತು? ಪರೀಕ್ಷೆಯ ಪ್ರಶ್ನೆಯನ್ನೂ, ಅಂಕವನ್ನೂ, ತೇರ್ಗಡೆಯ ಮಟ್ಟವನ್ನೂ ಒಬ್ಬನೇ ನಿಶ್ಚಯಿಸಿ, ಮೇಲ್ಮನವಿಯನ್ನು ಕೇಳುವವನೂ ಅವನೇ ಆದರೆ ಅದನ್ನು ಪರೀಕ್ಷೆಯೆನ್ನುವುದು ಹೇಗೆ?

ಗಂಟೆಯಾಕಾರದ ರೇಖೆಯ ಕಥೆಯೂ ಇದೇ ಜಾತಿಯದು. ನೂರು ಮಂದಿಯಲ್ಲಿ ಇಷ್ಟು ಮಂದಿ ಉತ್ತಮರು, ಇಷ್ಟು ಮಂದಿ ಮಧ್ಯಮರು, ಇಷ್ಟು ಮಂದಿ ಅಧಮರು ಎಂದು ವರ್ಷದ ಕೆಲಸವನ್ನು ನೋಡುವುದಕ್ಕೆ ಮುಂಚೆಯೇ ಸಂಖ್ಯೆಯನ್ನು ಗೊತ್ತುಮಾಡುವುದು ಇದರ ತತ್ತ್ವ. ಉತ್ತರಪತ್ರಿಕೆಗಳನ್ನು ತೆರೆಯುವ ಮೊದಲೇ ಹತ್ತು ಮಂದಿ ನಪಾಸಾಗತಕ್ಕುದೆಂದು ನಿಶ್ಚಯಿಸಿ ಕುಳಿತ ಉಪಾಧ್ಯಾಯನನ್ನು ಯಾವ ಊರಿನ ಜನ ಸಹಿಸುವರು? ಇದರ ಫಲವು ಕೆಲಸದ ವೃದ್ಧಿಯಲ್ಲ. ಪಕ್ಕದವನಿಗೆ ಕಲಿಸಿದರೆ ತಾನೇ ಕೆಳಗಿಳಿಯುವೆನೆಂದು ಬಲ್ಲವನು ಬಾಯಿ ಮುಚ್ಚಿಕೊಳ್ಳುವನು. ಅಮೆರಿಕೆಯ ಮೈಕ್ರೋಸಾಫ್ಟ್ ಕಂಪೆನಿಯೇ ೨೦೧೩ರಲ್ಲಿ ಈ ಬಗೆಯ ಶ್ರೇಣಿಯನ್ನು ಕೈಬಿಟ್ಟಿತು. ಹೆಸರು ಬದಲಿಸಿಕೊಂಡು ಅದು ಇಲ್ಲಿನ ಕಚೇರಿಗಳಲ್ಲಿ ಇನ್ನೂ ತಿರುಗಾಡುತ್ತಿದೆಯೆಂದು ನೌಕರರು ಹೇಳುತ್ತಾರೆ.

ಗಿರಾಕಿಯ ದೇಶದ ಹಗಲು ಇಲ್ಲಿನ ರಾತ್ರಿಯಾಗಿರುವಾಗ ಬಿಡುವು ಹೇಗೆ ಸಾಧ್ಯವೆಂದು ವ್ಯವಹಾರಸ್ಥರು ಕೇಳುವರು. ಗಣಿಯಲ್ಲಿ, ಆಸ್ಪತ್ರೆಯಲ್ಲಿ, ರೈಲ್ವೆಯಲ್ಲಿ ರಾತ್ರಿಯ ಕೆಲಸ ಪಾಳಿಯಿಂದ ನಡೆಯುತ್ತಿಲ್ಲವೆ? ಹಗಲು ದುಡಿದವನನ್ನೇ ರಾತ್ರಿಯೂ ಕೂರಿಸುವುದು ಕಾಲವ್ಯತ್ಯಾಸದ ಅನಿವಾರ್ಯವಲ್ಲ, ಇನ್ನೊಬ್ಬನ ಸಂಬಳವನ್ನು ಉಳಿಸುವ ಉಪಾಯ. ಗಿರಾಕಿಗಳ ನಾಡುಗಳು ತಮ್ಮವರ ಹೊತ್ತನ್ನು ಕಾಯುತ್ತಿರುವುದನ್ನೂ ವಾಚಕರು ಗಮನಿಸಬೇಕು. ಕೆಲಸದ ಹೊತ್ತು ಮುಗಿದ ಮೇಲೆ ಕಚೇರಿಯ ಸಂದೇಶಕ್ಕೆ ಉತ್ತರಿಸದಿರುವ ಹಕ್ಕು ಫ್ರಾನ್ಸಿನಲ್ಲಿ ೨೦೧೭ರಿಂದಲೂ, ಆಸ್ಟ್ರೇಲಿಯದಲ್ಲಿ ೨೦೨೪ರ ಆಗಸ್ಟಿನಿಂದಲೂ ಕಾಯಿದೆಯಲ್ಲಿದೆ. ಮನಸ್ಸಿಲ್ಲದವನು ಬಿಟ್ಟುಹೋಗಲಿ ಎಂಬ ಇನ್ನೊಂದು ಮಾತಿಗೆ ಉತ್ತರವನ್ನು ೨೦೨೫ರ ಜುಲೈ ಕೊಟ್ಟಿತು. ಆಗ ಟಿಸಿಎಸ್ ಒಂದೇ ಕಂಪೆನಿಯು ತನ್ನ ನೌಕರರಲ್ಲಿ ನೂರಕ್ಕೆ ಇಬ್ಬರಂತೆ, ಎಂದರೆ ಸುಮಾರು ೧೨,೦೦೦ ಮಂದಿಯನ್ನು ಕಡಮೆ ಮಾಡುವುದಾಗಿ ಸಾರಿತು. ಹೋಗಲು ಎಡೆಯಿಲ್ಲದವನಿಗೆ ಹೋಗೆನ್ನುವುದು ಬೆದರಿಕೆಯೇ ಹೊರತು ಸ್ವಾತಂತ್ರ್ಯವಲ್ಲ.

ನೌಕರರೂ ನಿರ್ದೋಷಿಗಳಲ್ಲ. ಕಾರ್ಮಿಕನೆಂಬ ಪದವನ್ನು ಕೇಳಿದರೆ ಅವರಿಗೆ ನಾಚಿಕೆ. ಲೀಡ್, ಮ್ಯಾನೇಜರ್ ಎಂಬ ಬಿರುದುಗಳನ್ನು ಹಂಚಿ ಕಂಪೆನಿಗಳು ಈ ನಾಚಿಕೆಯನ್ನು ಚೆನ್ನಾಗಿ ಬೆಳೆಯಿಸಿವೆ. ಕೈಕೆಳಗೆ ಒಬ್ಬನೂ ಇಲ್ಲದ ಮ್ಯಾನೇಜರುಗಳೂ ಉಂಟಂತೆ. ೧೯೪೭ರ ಕೈಗಾರಿಕಾ ವಿವಾದಗಳ ಕಾಯಿದೆಯೇ ತಾಂತ್ರಿಕ ಕೆಲಸ ಮಾಡುವವನನ್ನೂ ಕಾರ್ಮಿಕನೆಂದು ಎಣಿಸಿತ್ತೆಂಬುದನ್ನು ಅವರಿಗೆ ಯಾರೂ ಹೇಳಲಿಲ್ಲ. ೨೦೧೭ರಲ್ಲಿ ಕರ್ನಾಟಕ ರಾಜ್ಯ ಐಟಿ ನೌಕರರ ಸಂಘವು ನೋಂದಾಯಿತವಾಯಿತು. ೨೦೨೪ರ ಪ್ರಸ್ತಾಪವನ್ನು ಮುಂದೆ ನಿಂತು ಎದುರಿಸಿದುದು ಅದೇ ಸಂಘ. ಗಣಿಯ ಸಂಘಕ್ಕೆ ತಂದೆಯು ತಿಂಗಳು ತಿಂಗಳೂ ಚಂದಾ ಕಟ್ಟಿ ಪಡೆದ ರಕ್ಷೆಯಲ್ಲಿ ಓದಿ ಬೆಳೆದ ಮಗನು, ಮ್ಯಾನೇಜರನು ನೋಡಿಯಾನೆಂದು ಆ ಸಂಘದ ಕರಪತ್ರವನ್ನು ಮುಟ್ಟಲೂ ಅಂಜುವನು.

ಆದಕಾರಣ ಹೊಸ ಸಂಹಿತೆಯ ವಿನಾಯಿತಿಯ ಕಿಂಡಿಯನ್ನು ಈ ಉದ್ಯಮಕ್ಕಾಗಿ ತೆರೆಯಬಾರದೆಂದು ಸರ್ಕಾರವನ್ನು ಒತ್ತಾಯಿಸಬೇಕಾದವರು ಬೆಂಗಳೂರಿನ ತರುಣರು ಮಾತ್ರವೇ ಅಲ್ಲ. ದೋಣಿಮಲೈ, ಸೊಂಡೂರು, ಹೊಸಪೇಟೆ, ಕಂಪ್ಲಿಗಳಲ್ಲಿರುವ ಅವರ ತಂದೆತಾಯಿಗಳೂ ಹೌದು. ಆದೇಶಗಳನ್ನು ಕನ್ನಡದಲ್ಲಿ ಬರೆದು ಪ್ರತಿಯೊಂದು ಕಂಪೆನಿಯ ಬಾಗಿಲಿನಲ್ಲಿ ಹಾಕಿಸುವ ಬೇಡಿಕೆಯನ್ನು ಸಾಹಿತ್ಯ ಸಂಘಗಳೂ ಎತ್ತಬಹುದು. ಕನ್ನಡದ ನಾಮಫಲಕಕ್ಕಾಗಿ ನಡೆದಷ್ಟು ಹೋರಾಟ ಇದಕ್ಕೂ ನಡೆಯಲಿ. ದಸರೆಗೆ ಮಗನೋ ಮಗಳೋ ಮನೆಗೆ ಬಂದು, ಆಯುಧಪೂಜೆಯ ದಿನವೂ ಕೋಣೆಯ ಬಾಗಿಲನ್ನು ಹಾಕಿಕೊಂಡು ಮೀಟಿಂಗಿನಲ್ಲಿ ಕುಳಿತಿರುವಾಗ, ಹಿರಿಯರು ಅವರ ನೇಮಕದ ಪತ್ರವನ್ನು ಕೇಳಿ ತೆಗೆದುಕೊಳ್ಳಲಿ. ಸಂಬಳದ ಅಂಕಿಯನ್ನು ಬಿಟ್ಟು ಮುಂದಿನ ಪುಟಗಳನ್ನು ತಿರುವಿ, ದುಡಿಮೆಯ ಹೊತ್ತು ಎಷ್ಟೆಂದೂ, ಅದು ಮೀರಿದರೆ ಸಲ್ಲುವುದೇನೆಂದೂ ಎಲ್ಲಿ ಬರೆದಿದೆಯೆಂಬುದನ್ನು ಹುಡುಕಿ ನೋಡಲಿ.