ಕಿತ್ತೂರಿನಂತೆ ಹಲಗಲಿಗೂ ಮಕ್ಕಳು ಹೋಗಲಿ



ಮೊನ್ನೆ ಮಕ್ಕಳೊಂದಿಗೆ ಕಿತ್ತೂರು ಕೋಟೆ, ಒಳಗಿನ ವಸ್ತುಸಂಗ್ರಹಾಲಯ ನೋಡಿಬಂದೆ. 1824ರಲ್ಲಿ ರಾಣಿ ಚನ್ನಮ್ಮನ ಪಡೆ ಇಂಗ್ಲಿಷ್ ಅಧಿಕಾರಿ ಥ್ಯಾಕರೆಯನ್ನು ಕೆಡವಿದ ನೆಲವದು. ಅರಮನೆಯ ಪಾಳುಗೋಡೆಯಲ್ಲಿ ಧ್ರುವ ನಕ್ಷತ್ರ ನೋಡುವ ಕಿಂಡಿಗೆ ಕಣ್ಣು ಹಚ್ಚಿದ ಮಗಳು ಎಷ್ಟು ಕರೆದರೂ ಕದಲಲಿಲ್ಲ.

ಮರಳುವಾಗ ನೆನಪಾದದ್ದು ಹಲಗಲಿ. 1857ರಲ್ಲಿ ಆಯುಧ ಒಪ್ಪಿಸಲು ಒಪ್ಪದ ಬೇಡರ ಆ ಊರಿಗೆ ಇಂಗ್ಲಿಷರ ದಂಡು ಬೆಂಕಿ ಹಚ್ಚಿತು. ಸೆರೆಸಿಕ್ಕವರಲ್ಲಿ ಹಲವರನ್ನು ಮುಧೋಳದಲ್ಲಿ, ಕೆಲವರನ್ನು ಹಲಗಲಿಯಲ್ಲೇ ಗಲ್ಲಿಗೇರಿಸಿದರು. ನಮ್ಮ ಕಡೆ ಹಿರಿಯರಿಗೆ ಇದು ಲಾವಣಿಯಿಂದಲೇ ಗೊತ್ತು. ಮಕ್ಕಳಿಗೆ ಅದೂ ಕೇಳಿಸುತ್ತಿಲ್ಲ.

ಶಾಲಾ ಪ್ರವಾಸದಲ್ಲಿ ಕಿತ್ತೂರಿನ ಜೊತೆ ಹಲಗಲಿಯೂ ಇರಲಿ. ಅಲ್ಲಿ ಮಕ್ಕಳಿಗೆ ಆ ಲಾವಣಿಯನ್ನು ಹಾಡಿಸಿ ಕೇಳಿಸುವ ಏರ್ಪಾಟನ್ನು ಶಿಕ್ಷಣ ಇಲಾಖೆ, ಕನ್ನಡ ಮತ್ತು ಸಂಸ್ಕೃತಿ ಇಲಾಖೆ ಸೇರಿ ಮಾಡಬೇಕೆಂದು ವಿನಂತಿ.

– ಓದುಗ, ಕೌಜಲಗಿ