ಶಾಲೆ ಬಿಡಿಸಿದ ಮಾತ್ರಕ್ಕೆ ಮಗು ಸ್ವತಂತ್ರವಾಗುವುದೆ?

ಮಗುವಿಗೆ ವಿದ್ಯೆ ಬರಲು ಶಾಲೆ ಬೇಕೇಬೇಕೆ ಎಂಬ ಪ್ರಶ್ನೆಯನ್ನು ಈಚೆಗೆ ಕೆಲವು ವಿದ್ಯಾವಂತ ಕುಟುಂಬಗಳು ಕೇಳತೊಡಗಿವೆ. ಗಂಟೆ, ಪಠ್ಯ, ಅಂಕ, ಪರೀಕ್ಷೆಗಳ ಕಟ್ಟಿನಿಂದ ಮಗುವನ್ನು ಬಿಡಿಸಿ, ಏನನ್ನು ಯಾವಾಗ ಹೇಗೆ ಕಲಿಯಬೇಕೆಂಬುದನ್ನು ಅದರ ಇಚ್ಛೆಗೇ ಒಪ್ಪಿಸಿದರೆ ಅದು ತನ್ನ ದಾರಿಯನ್ನು ತಾನೇ ಕಂಡುಕೊಳ್ಳುವುದೆಂಬುದು ಇವರ ನಂಬಿಕೆ. ಮನೆಯಲ್ಲಿಯೇ ಪಠ್ಯಪುಸ್ತಕವಿಟ್ಟು ಪಾಠ ಹೇಳುವ ಕ್ರಮಕ್ಕೂ ಇದಕ್ಕೂ ಭೇದವುಂಟು. ಇಲ್ಲಿ ಪಠ್ಯವೂ ಇಲ್ಲ, ವೇಳಾಪಟ್ಟಿಯೂ ಇಲ್ಲ. ಅಮೆರಿಕದ ಜಾನ್ ಹೋಲ್ಟ್ ಎಂಬ ಅಧ್ಯಾಪಕರು 1970ರ ದಶಕದಲ್ಲಿ ಇದನ್ನು ಅನ್‌ಸ್ಕೂಲಿಂಗ್ ಎಂದು ಕರೆದರು. ನಾವು ಇದನ್ನು ಶಾಲಾಮುಕ್ತ ಕಲಿಕೆ ಎನ್ನೋಣ.

ಹಿಡಕಲ್, ಹುಕ್ಕೇರಿ, ಗೋಕಾಕ, ಮೂಡಲಗಿಗಳ ಕಡೆಯ ನಮ್ಮ ತರುಣ ವಾಚಕರಿಗೆ ಇದು ದೊಡ್ಡ ಪಟ್ಟಣದವರ ವಿಲಾಸವೆಂದು ತೋರಿದರೆ ಆಶ್ಚರ್ಯವಿಲ್ಲ. ಮನೆಯ ಮಗು ಶಾಲೆಯ ಹೊಸಿಲು ದಾಟಿದ್ದೇ ಒಂದು ಸಾಧನೆಯೆನಿಸಿದ್ದ ಕುಟುಂಬಗಳು ಇಲ್ಲಿ ಅನೇಕ. ಆದರೆ ಈ ಪ್ರಶ್ನೆ ಈ ನೆಲಕ್ಕೆ ಹೊಸದಲ್ಲ. ಹಿಡಕಲ್ಲಿಗೆ ಬಹು ದೂರವಲ್ಲದ ಹುದಲಿ ಗ್ರಾಮದಲ್ಲಿ 1937ರ ಏಪ್ರಿಲ್ ತಿಂಗಳಲ್ಲಿ ಗಾಂಧೀ ಸೇವಾ ಸಂಘದ ಅಧಿವೇಶನ ಸೇರಿತು. ಗಂಗಾಧರರಾವ್ ದೇಶಪಾಂಡೆಯವರ ಊರಾದ ಆ ಹಳ್ಳಿಗೆ ಗಾಂಧೀಜಿಯವರೇ ಬಂದು ಕೆಲವು ದಿನ ತಂಗಿದ್ದರು. ಅದೇ ವರ್ಷದ ಅಕ್ಟೋಬರಿನಲ್ಲಿ ವಾರ್ಧಾದಲ್ಲಿ ಅವರ ಅಧ್ಯಕ್ಷತೆಯಲ್ಲಿ ಸೇರಿದ ಶಿಕ್ಷಣ ಸಮ್ಮೇಳನವು, ಏಳು ವರ್ಷಗಳ ಉಚಿತ ಹಾಗೂ ಕಡ್ಡಾಯ ಶಿಕ್ಷಣವನ್ನು ಮಾತೃಭಾಷೆಯಲ್ಲಿ, ಒಂದು ಕೈಕಸುಬನ್ನು ಕೇಂದ್ರವಾಗಿಟ್ಟುಕೊಂಡು ಕೊಡಬೇಕೆಂದು ನಿರ್ಣಯಿಸಿತು. ನಯೀ ತಾಲೀಮ್ ಎಂದು ಪ್ರಸಿದ್ಧವಾದ ಪದ್ಧತಿಯ ಮೂಲ ಇದೇ.

ಗಮನಿಸಬೇಕಾದುದು ಮತ್ತೊಂದುಂಟು. ದೇಶದ ಮಕ್ಕಳಿಗೆ ಕಡ್ಡಾಯ ಶಾಲೆಯನ್ನು ಬೇಡಿದ ಇದೇ ಗಾಂಧೀಜಿ, ದಕ್ಷಿಣ ಆಫ್ರಿಕದಲ್ಲಿದ್ದಾಗ ತಮ್ಮ ಮಕ್ಕಳನ್ನು ಸಾಮಾನ್ಯ ಶಾಲೆಗಳಿಂದ ದೂರವಿರಿಸಿ ತಾವೇ ಕಲಿಸಲು ಹೊರಟಿದ್ದರು. ದಾಸ್ಯದ ವಿದ್ಯೆಗಿಂತ ಸ್ವಾತಂತ್ರ್ಯದ ಗಾಳಿ ಮಿಗಿಲೆಂಬುದು ಅವರ ದೃಢ ನಂಬಿಕೆಯಾಗಿತ್ತು. ಆದರೂ ಮಕ್ಕಳಿಗೆ ತಾವು ಬಯಸಿದಷ್ಟು ವೇಳೆಯನ್ನು ಕೊಡಲಾಗಲಿಲ್ಲವೆಂದೂ, ಈ ವಿಷಯದಲ್ಲಿ ಮಕ್ಕಳೆಲ್ಲರಿಗೂ ತಮ್ಮ ಮೇಲೆ ದೂರುಂಟೆಂದೂ ಅವರು ಆತ್ಮಕಥೆಯಲ್ಲಿ ಮರೆಮಾಚದೆ ಬರೆದಿದ್ದಾರೆ. ಹಿರಿಯ ಮಗ ಹರಿಲಾಲರು ಶಾಲೆಯ ವಿದ್ಯೆಯನ್ನು ಅರಸಿ 1911ರಲ್ಲಿ ತಂದೆಯನ್ನು ಅಗಲಿ ಭಾರತಕ್ಕೆ ಹಿಂದಿರುಗಿದರು. ಈ ಪ್ರಸಂಗದಲ್ಲಿ ಶಾಲೆ ಬೇಡವೆಂದು ನಿಶ್ಚಯಿಸಿದವರಾರು? ಮಗನಲ್ಲ, ತಂದೆ. ಮಗನು ಬಯಸಿದ್ದು ಶಾಲೆಯನ್ನೇ. ಮಗುವಿಗೆ ಸ್ವಾತಂತ್ರ್ಯ ಕೊಡುತ್ತೇವೆನ್ನುವ ಹಿರಿಯರು ಈ ಮಾತನ್ನು ಮೊದಲು ಯೋಚಿಸಬೇಕು.

ಹಾಗೆಂದು ಈ ಕುಟುಂಬಗಳ ಆಕ್ಷೇಪದಲ್ಲಿ ಹುರುಳಿಲ್ಲವೆಂದು ನಾವು ಹೇಳಲಾರೆವು. ನಡೆಯುವುದನ್ನೂ ಮಾತನಾಡುವುದನ್ನೂ ಯಾವ ಮಗುವೂ ಪಠ್ಯಕ್ರಮದಿಂದ ಕಲಿಯುವುದಿಲ್ಲ. ಐದು ವರ್ಷದ ಕೂಸು ದಿನಕ್ಕೆ ನೂರು ಪ್ರಶ್ನೆ ಕೇಳುವುದು. ಅದೇ ಕೂಸು ಪ್ರೌಢಶಾಲೆಗೆ ಬರುವ ವೇಳೆಗೆ ಅದರ ನಾಲಗೆಯ ಮೇಲೆ ಉಳಿಯುವುದು ಒಂದೇ ಪ್ರಶ್ನೆ: ಇದು ಪರೀಕ್ಷೆಗೆ ಬರುವುದೆ? ಕಾಲೇಜಿನಲ್ಲಿ ಪಾಠ ಹೇಳುವ ನಮ್ಮಂಥವರಿಗೆ ಈ ಮಾತು ಪ್ರತಿ ವರ್ಷವೂ ಕಿವಿಗೆ ಬೀಳುವುದು. ಕುತೂಹಲವನ್ನು ಹೀಗೆ ಒಣಗಿಸಿದ ಪದ್ಧತಿಯನ್ನು ಕಂಡು ತಂದೆತಾಯಿಗಳು ಬೇಸತ್ತರೆ ತಪ್ಪು ಅವರದಲ್ಲ.

ಆದರೆ ಕುತೂಹಲವೊಂದೇ ಮಗುವನ್ನು ಎಷ್ಟು ದೂರ ಒಯ್ಯಬಲ್ಲುದು? ಹಿಡಕಲ್ಲಿನ ಅಣೆಕಟ್ಟನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ. ಘಟಪ್ರಭೆಗೆ ಅಡ್ಡಲಾಗಿ ಕಟ್ಟಿ 1977ರಲ್ಲಿ ಪೂರ್ಣಗೊಂಡ ಈ ರಾಜಾ ಲಖಮಗೌಡ ಜಲಾಶಯದ ಸಾಮರ್ಥ್ಯ 51 ಟಿಎಂಸಿ. ತುಂಬಿದಾಗ ಅಲ್ಲಿ ನಿಲ್ಲುವ ನೀರಿನ ತೂಕ ಸುಮಾರು 144 ಕೋಟಿ ಟನ್. ಬೇಸಗೆಯಲ್ಲಿ ನೀರಿಳಿದಾಗ ಹುನ್ನೂರಿನ ಹಳೆಯ ವಿಠ್ಠಲ ದೇವಾಲಯವು ಮೇಲೆದ್ದು ಕಾಣುವುದು. ಇವನ್ನೆಲ್ಲ ನೋಡಿದ ಮಗು, ಇಷ್ಟು ನೀರನ್ನು ಈ ಗೋಡೆ ಹೇಗೆ ತಡೆಯುವುದು ಎಂದು ಕೇಳದೆ ಇರದು. ಉತ್ತರವನ್ನು ಅದು ತಾನಾಗಿಯೇ ಊಹಿಸಲೂಬಹುದು: ಕೆರೆ ದೊಡ್ಡದಾದಷ್ಟೂ ಗೋಡೆಯನ್ನು ನೂಕುವ ಬಲವೂ ದೊಡ್ಡದು ಎಂದು. ಕೇಳಲು ಇದು ಸರಿಯೆಂದೇ ತೋರುವುದು. ಆದರೂ ಇದು ತಪ್ಪು. ನಿಂತ ನೀರಿನ ಒತ್ತಡವು ಆಳವನ್ನು ಅನುಸರಿಸುವುದೇ ಹೊರತು ಹರವನ್ನಲ್ಲ. ಜಲಾಶಯವು ಹಿಂದಕ್ಕೆ ಹತ್ತು ಮೈಲಿ ಹಬ್ಬಿರಲಿ, ನೂರು ಗಜ ಹಬ್ಬಿರಲಿ, ಆಳವೊಂದೇ ಆದರೆ ಗೋಡೆಯ ಮೇಲಣ ಒತ್ತಡವೂ ಒಂದೇ.

ಅಣೆಕಟ್ಟಿನ ಮುಂದೆ ಬಾಳೆಲ್ಲ ಕುಳಿತರೂ ಈ ಸತ್ಯ ತಾನಾಗಿ ಹೊಳೆಯಲಿಕ್ಕಿಲ್ಲ. ಒಂದು ಬಾಟಲಿಯ ಪಕ್ಕಕ್ಕೆ ಬೇರೆಬೇರೆ ಎತ್ತರದಲ್ಲಿ ಮೂರು ತೂತು ಕೊರೆದು, ನೀರು ತುಂಬಿ, ಕೆಳಗಿನ ತೂತಿನಿಂದ ನೀರು ಹೆಚ್ಚು ರಭಸದಿಂದ ಚಿಮ್ಮುವುದನ್ನು ತೋರಿಸುವವರೊಬ್ಬರು ಬೇಕು. ಅನಂತರ ಅಷ್ಟೇ ಎತ್ತರಕ್ಕೆ ನೀರು ತುಂಬಿದ ಅಗಲವಾದ ಡಬ್ಬಿಯಲ್ಲಿಯೂ ಅದನ್ನೇ ಮಾಡಿ, ಎರಡನ್ನೂ ಹೋಲಿಸೆಂದು ಹೇಳುವವರು ಬೇಕು. ಪ್ರಕೃತಿಯು ನಮ್ಮ ತಪ್ಪು ಊಹೆಗಳನ್ನೆಲ್ಲ ತಾನೇ ತಿದ್ದುವುದಿಲ್ಲ. ಸೂರ್ಯನೇ ಭೂಮಿಯನ್ನು ಸುತ್ತುವನೆಂಬ ಊಹೆಯು ಎಷ್ಟೋ ಶತಮಾನ ತಿದ್ದುಪಡಿಯಿಲ್ಲದೆ ನಡೆದುಬಂದಿತಷ್ಟೆ. ಊಹೆಯನ್ನು ಅಳತೆಗೆ ಒಡ್ಡುವ ಅಭ್ಯಾಸವನ್ನು ಒಬ್ಬರಿಂದೊಬ್ಬರು ಕಲಿಯಬೇಕಾಗುವುದು.

ಶಾಲೆಗೆ ಹೋಗದೆಯೇ ಮಹಾವಿಜ್ಞಾನಿಗಳಾದವರಿಲ್ಲವೆ ಎಂದು ಕೆಲವರು ಕೇಳುವರು. ಇದ್ದಾರೆ. ನಿಮ್ಮ ಪಠ್ಯದಲ್ಲಿ ಶಕ್ತಿಯ ಮಾನಕ್ಕೆ ಯಾರ ಹೆಸರುಂಟೋ ಆ ಜೇಮ್ಸ್ ಜೂಲ್ ಮನೆಯಲ್ಲಿಯೇ ಕಲಿತವರು. ಜಲಪಾತದ ಬುಡದ ನೀರು ಮೇಲಿನ ನೀರಿಗಿಂತ ಕೊಂಚ ಬೆಚ್ಚಗಿರಬೇಕೆಂದು ತರ್ಕಿಸಿದವರು ಅವರೇ. ಸುಮಾರು 52 ಮೀಟರ್ ಧುಮುಕುವ ಗೋಕಾಕದ ಜಲಪಾತಕ್ಕೆ ಲೆಕ್ಕ ಹಾಕಿದರೆ ಈ ಅಂತರ ಹೆಚ್ಚೆಂದರೆ 0.12 ಡಿಗ್ರಿ ಸೆಲ್ಸಿಯಸ್ ಆಗುವುದು. ಆದರೆ ಆ ಹುಡುಗನಿಗೆ ಗಣಿತ ಹೇಳಿಕೊಟ್ಟವರು ಯಾರು? ಪರಮಾಣುವಾದದ ಜಾನ್ ಡಾಲ್ಟನ್. ಇನ್ನು ಮೈಕೇಲ್ ಫ್ಯಾರಡೆ 1805ರಲ್ಲಿ, ತಮ್ಮ 14ನೆಯ ವಯಸ್ಸಿನಲ್ಲಿ ಪುಸ್ತಕ ಕಟ್ಟುವ ಅಂಗಡಿ ಸೇರಿ, ಕಟ್ಟಲು ಬಂದ ಗ್ರಂಥಗಳನ್ನೇ ಓದಿ ಕಲಿತರು. 1812ರಲ್ಲಿ ಹಂಫ್ರಿ ಡೇವಿಯವರ ಉಪನ್ಯಾಸಗಳನ್ನು ಕೇಳುವ ಅವಕಾಶ ಒದಗಿತು. ಮರುವರ್ಷ ಅವರ ಪ್ರಯೋಗಶಾಲೆಯಲ್ಲಿ ಕೆಲಸವೂ ದೊರೆಯಿತು. ಆದರೂ ಉನ್ನತ ಗಣಿತವು ಅವರಿಗೆ ಕೊನೆಯವರೆಗೂ ದಕ್ಕಲಿಲ್ಲ. ಅವರ ಭಾವನೆಗಳಿಗೆ ಸಮೀಕರಣದ ರೂಪ ಕೊಟ್ಟವರು ವಿಶ್ವವಿದ್ಯಾನಿಲಯದಲ್ಲಿ ಕಲಿತ ಮ್ಯಾಕ್ಸ್‌ವೆಲ್. ಜೂಲ್, ಫ್ಯಾರಡೆ ಇಬ್ಬರಿಗೂ ಶಾಲೆಯ ನೆರವು ಕಡಮೆಯಿದ್ದಿತೆಂಬುದೇನೋ ನಿಜ. ಗುರುವಿನ, ಗ್ರಂಥದ, ಉಪಕರಣದ ನೆರವು ಅವರಿಗಿಲ್ಲದಿರಲಿಲ್ಲ.

ಇಲ್ಲಿ ವಿಜ್ಞಾನದ ವಿದ್ಯಾರ್ಥಿಗಳು ಇನ್ನೊಂದು ಎಚ್ಚರವನ್ನೂ ವಹಿಸಬೇಕು. ಗೆದ್ದವರ ಕಥೆಗಳನ್ನು ಮಾತ್ರ ಕೂಡಿಸಿ ಸಿದ್ಧಾಂತ ಕಟ್ಟಲಾಗದು. ಆ ಕಾಲದ ಲಂಡನ್ನಿನಲ್ಲಿ ಪುಸ್ತಕ ಕಟ್ಟುತ್ತಿದ್ದ ಉಳಿದ ಹುಡುಗರ ಗತಿ ಏನಾಯಿತೆಂದು ಯಾವ ಚರಿತ್ರೆಯೂ ಬರೆದಿಲ್ಲ. ಅಮೆರಿಕದ ಪೀಟರ್ ಗ್ರೇ, ಜೀನಾ ರೈಲಿ ಎಂಬ ಸಂಶೋಧಕರು ಶಾಲಾಮುಕ್ತ ಕಲಿಕೆಯ 232 ಕುಟುಂಬಗಳನ್ನು ವಿಚಾರಿಸಿ 2013ರಲ್ಲಿ ವರದಿ ಪ್ರಕಟಿಸಿದರು. ಬಳಿಕ ಹಾಗೆ ಬೆಳೆದ 75 ಮಂದಿ ವಯಸ್ಕರನ್ನೂ ವಿಚಾರಿಸಿದರು. ಬಹುಮಂದಿ ತೃಪ್ತಿಯನ್ನೇ ಸೂಚಿಸಿದರು. ಇದು ಅಲಕ್ಷಿಸತಕ್ಕ ಮಾತಲ್ಲ. ಆದರೆ ಉತ್ತರ ಕೊಟ್ಟವರೆಲ್ಲ ತಾವಾಗಿ ಮುಂದೆ ಬಂದವರು. ಸೋತು ನೊಂದವರು ಇಂಥ ಪ್ರಶ್ನಾವಳಿಗೆ ಉತ್ತರ ಬರೆಯುವುದು ವಿರಳ. ಕಲಿತ, ಅನುಕೂಲವುಳ್ಳ ಮನೆಗಳಲ್ಲಿ ಈ ಕ್ರಮ ಫಲಿಸುವುದು ಸಾಧ್ಯವೆಂದಷ್ಟೇ ಇದರಿಂದ ತಿಳಿಯುವುದು. ಎಲ್ಲ ಮನೆಗಳಲ್ಲಿಯೂ ಫಲಿಸುವುದೆಂದು ತಿಳಿಯದು.

ಶಾಲೆ ಇಲ್ಲವಾದರೆ ಸಾಮಾನ್ಯ ಮನೆಗಳಲ್ಲಿ ಏನಾಗುವುದೆಂಬುದಕ್ಕೆ ನಮ್ಮ ದೇಶದಲ್ಲಿಯೇ ಒಂದು ನಿದರ್ಶನ ದೊರೆತಿದೆ. 2020ರ ಮಾರ್ಚಿಯಲ್ಲಿ ಕೋವಿಡ್ ಸಾಂಕ್ರಾಮಿಕದ ಕಾರಣ ಶಾಲೆಗಳು ಮುಚ್ಚಿದವು. 2021ರ ಜನವರಿಯಲ್ಲಿ ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯವು ಕರ್ನಾಟಕವೂ ಸೇರಿದಂತೆ ಐದು ರಾಜ್ಯಗಳ 1,137 ಸರ್ಕಾರಿ ಶಾಲೆಗಳ 16,067 ಮಕ್ಕಳನ್ನು ಪರೀಕ್ಷಿಸಿತು. ಹಿಂದಿನ ವರ್ಷ ತಿಳಿದಿದ್ದುದರಲ್ಲಿ ಭಾಷೆಯ ಒಂದಾದರೂ ಸಾಮರ್ಥ್ಯವನ್ನು ಕಳೆದುಕೊಂಡಿದ್ದವರು ನೂರಕ್ಕೆ 92. ಗಣಿತದಲ್ಲಿ ನೂರಕ್ಕೆ 82. ಇದು ಶಾಲಾಮುಕ್ತ ಕಲಿಕೆಯ ಪರೀಕ್ಷೆಯೆಂದು ವಾದಿಸುವುದು ಅನ್ಯಾಯವಾದೀತು; ಭಯದ, ಬಡತನದ, ಕಟ್ಟುಪಾಡಿನ ಕಾಲವದು. ಆದರೆ ಒಂದಂಶ ಮಾತ್ರ ಇದರಿಂದ ಸ್ಪಷ್ಟವಾಗುವುದು. ಶಾಲೆಯನ್ನು ತೆಗೆದು ಆ ಜಾಗದಲ್ಲಿ ಬೇರೇನನ್ನೂ ಇಡದಿದ್ದರೆ, ಕಲಿತುದೂ ಕೈಬಿಟ್ಟುಹೋಗುವುದು.

ಇನ್ನು ನಮ್ಮ ಸೀಮೆಯ ಮಾತು. ಘಟಪ್ರಭೆಯ ಕಾಲುವೆಗಳ ನೆಲ ಕಬ್ಬಿನ ನೆಲ. ಹಂಗಾಮು ಬಂದಿತೆಂದರೆ ಹೊಲದಲ್ಲಿಯೂ ಮನೆಯಲ್ಲಿಯೂ ಎಷ್ಟು ಕೈಗಳಿದ್ದರೂ ಸಾಲವು. ಬಾಲಕಾರ್ಮಿಕ ಕಾನೂನಿಗೆ 2016ರಲ್ಲಾದ ತಿದ್ದುಪಡಿಯು 14 ವರ್ಷದೊಳಗಿನ ಮಕ್ಕಳ ದುಡಿಮೆಯನ್ನು ನಿಷೇಧಿಸಿ, ಅಪಾಯವಿಲ್ಲದ ಮನೆಯ ಕಸುಬಿನಲ್ಲಿ ನೆರವಾಗಲು ಒಪ್ಪಿಗೆ ಕೊಟ್ಟಿದೆ. ಅದೂ ಶಾಲೆಯ ವೇಳೆ ಮುಗಿದ ಮೇಲೆ, ಇಲ್ಲವೆ ರಜೆಯಲ್ಲಿ. ಶಾಲೆಯೇ ಇಲ್ಲದ ಮಗುವಿಗೆ ಶಾಲೆಯ ವೇಳೆ ಎಂಬುದು ಯಾವುದು? ತಮ್ಮನನ್ನು ಎತ್ತಿಕೊಂಡು ಮನೆಯಲ್ಲಿರೆಂದು ಹತ್ತು ವರ್ಷದ ಹುಡುಗಿಗೆ ಹೇಳಿದರೆ, ನನಗೆ ಶಾಲೆಯ ಹೊತ್ತಾಯಿತೆಂಬ ಅವಳ ಉತ್ತರಕ್ಕೆ ಕಾನೂನಿನ ಬೆಂಬಲವುಂಟು. ನಾನೀಗ ನನ್ನ ಇಚ್ಛೆಯಂತೆ ಕಲಿಯುತ್ತಿದ್ದೇನೆಂಬ ಉತ್ತರಕ್ಕೆ ಯಾವ ಬೆಂಬಲವುಂಟು? ಬೇಸರ ತರುವ ಆ ಶಾಲೆಯ ಗಂಟೆಯೇ ಬಡ ಮಗುವಿನ ದಿನದಲ್ಲಿ ಐದಾರು ತಾಸುಗಳನ್ನು ಅದರದಾಗಿ ಉಳಿಸಿಕೊಡುವುದು.

ಶಿಕ್ಷಣ ಹಕ್ಕಿನ ಕಾಯಿದೆಯು 2009ರಲ್ಲಿ ಅಂಗೀಕೃತವಾಗಿ 2010ರ ಏಪ್ರಿಲ್ 1ರಿಂದ ಜಾರಿಗೆ ಬಂದಿತು. 6ರಿಂದ 14 ವರ್ಷದವರೆಗಿನ ಪ್ರತಿ ಮಗುವಿಗೂ ಶಾಲೆ ಹಕ್ಕು. ಸೇರಿಸುವುದು ತಂದೆತಾಯಿಗಳ ಕರ್ತವ್ಯ. ಸೇರಿಸದ ತಂದೆತಾಯಿಗಳಿಗೆ ಆ ಕಾಯಿದೆ ದಂಡವನ್ನೇನೂ ವಿಧಿಸಿಲ್ಲವಾದರೂ, ಹಕ್ಕು ಮಗುವಿನದೆಂಬುದನ್ನು ಮರೆಯುವಂತಿಲ್ಲ. ಮಗುವಿನ ಹಕ್ಕನ್ನು ಮಗುವಿನ ಪರವಾಗಿ ಬಿಟ್ಟುಕೊಡುವ ಹಿರಿಯರು ಮೂರು ಪ್ರಶ್ನೆಗಳಿಗೆ ಉತ್ತರ ಹೇಳಿಕೊಳ್ಳಬೇಕೆಂಬುದು ನಮ್ಮ ಅಭಿಪ್ರಾಯ.

ಮೊದಲನೆಯದು: ಮಗುವಿನ ಪ್ರಶ್ನೆಗೆ ಜೊತೆಯಾಗಿ ಕುಳಿತುಕೊಳ್ಳಲು ಮನೆಯಲ್ಲಿ ದಿನವೂ ವೇಳೆಯುಳ್ಳವರು ಇದ್ದಾರೆಯೆ? ಗಾಂಧೀಜಿಯಂಥವರಿಗೇ ಅದು ಒದಗಲಿಲ್ಲ. ಎರಡನೆಯದು: ಮಗು ಬಲ್ಲ ಭಾಷೆಯಲ್ಲಿ ಪುಸ್ತಕ, ಕೈಗೆ ಉಪಕರಣ, ಸರೀಕ ಮಕ್ಕಳ ಒಡನಾಟ ಇವು ದೊರೆಯುವುವೆ? ಕಾಲೇಜನ್ನು ನಡುವೆ ತೊರೆದು ತಾವಾಗಿ ಕಲಿತ ಶಿವರಾಮ ಕಾರಂತರು 1930ರ ದಶಕದಲ್ಲಿ ಕನ್ನಡದ ಮಕ್ಕಳಿಗಾಗಿ ‘ಬಾಲಪ್ರಪಂಚ’ವನ್ನು ಒಬ್ಬರೇ ಬರೆದರು, ತಾನಾಗಿ ಓದುವ ಮಗುವಿನ ಕೈಗೆ ತಕ್ಕ ಗ್ರಂಥವನ್ನು ಯಾರಾದರೂ ಬರೆದಿಟ್ಟಿರಲೇಬೇಕಷ್ಟೆ. ಮೂರನೆಯದು: ನಾಳೆ ಆ ಮಗುವೇ ನಾನು ಶಾಲೆಗೆ ಹೋಗುವೆನೆಂದರೆ, ಅಥವಾ ಎಂಜಿನಿಯರನಾಗುವೆನೆಂದರೆ, ಬಾಗಿಲು ತೆರೆದಿರುವುದೆ? ರಾಷ್ಟ್ರೀಯ ಮುಕ್ತ ಶಾಲಾ ಶಿಕ್ಷಣ ಸಂಸ್ಥೆಯು 14 ವರ್ಷ ತುಂಬಿದವರಿಗೆ ಹತ್ತನೆಯ ತರಗತಿಗೆ ಸಮನಾದ ಪರೀಕ್ಷೆಯನ್ನು ನಡೆಸುತ್ತದೆ. ಆದರೆ ಬೀಜಗಣಿತದ ಮೆಟ್ಟಿಲುಗಳನ್ನು ಒಂದೇ ವರ್ಷದಲ್ಲಿ ಹತ್ತುವುದು ಎಲ್ಲರಿಗೂ ಸುಲಭವಲ್ಲ.

ಮೂರಕ್ಕೂ ಹೌದೆನ್ನಬಲ್ಲ ಮನೆಗಳನ್ನು ನಾವು ನಿಂದಿಸಲಾರೆವು. ಅವರಿಂದ ಕಲಿಯತಕ್ಕದ್ದೂ ಉಂಟು. ಒಂದಕ್ಕಾದರೂ ಇಲ್ಲವೆನ್ನಬೇಕಾದ ಮನೆಗಳು ಮಗುವನ್ನು ಶಾಲೆಯಲ್ಲಿಯೇ ಇರಿಸಿ, ಶಾಲೆಯ ಹೊರಗಿನ ವೇಳೆಯನ್ನು ಅದಕ್ಕೆ ಬಿಟ್ಟುಕೊಡುವುದು ಮೇಲು. ಸಂಜೆಯನ್ನು ಟ್ಯೂಷನ್ನಿಗೂ ಭಾನುವಾರವನ್ನು ಅಣಕು ಪರೀಕ್ಷೆಗೂ ಒಪ್ಪಿಸಿ, ಶಾಲೆಯೇ ಕುತೂಹಲವನ್ನು ಕೊಂದಿತೆನ್ನುವುದು ನ್ಯಾಯವಲ್ಲ. ಶಾಲೆಗಳೂ ತಮ್ಮ ಪಾಲಿನ ಕೆಲಸ ಮಾಡಬೇಕು: ವಾರಕ್ಕೆ ಒಂದು ತಾಸನ್ನಾದರೂ ಪಠ್ಯಕ್ಕಲ್ಲದೆ ಮಕ್ಕಳ ಪ್ರಶ್ನೆಗಳಿಗೇ ಮೀಸಲಿಡಬೇಕು.

ವಿದ್ಯಾರ್ಥಿಮಿತ್ರರೇ, ನಿಮ್ಮ ಮನೆಗಳಲ್ಲಿ ತಮ್ಮಂದಿರೂ ತಂಗಿಯರೂ ಇದ್ದಾರೆ. ಒಂದು ತಿಂಗಳು ಅವರು ಕೇಳುವ ಪ್ರಶ್ನೆಗಳನ್ನು ಒಂದು ನೋಟುಪುಸ್ತಕದಲ್ಲಿ ಬರೆದಿಡಿ. ವಾರಕ್ಕೊಂದನ್ನು ಅವರೇ ಆರಿಸಲಿ. ಉತ್ತರವನ್ನು ಒಡನೆ ಹೇಳಿಬಿಡದೆ, ಬಾಟಲಿಗೆ ತೂತು ಕೊರೆದೋ, ಕೋಲಿನ ನೆರಳನ್ನು ಅಳೆದೋ ಅವರೊಡನೆ ಕೂಡಿ ಹುಡುಕಿರಿ. ಹಿಡಕಲ್ಲಿನ ಸುತ್ತಲಿನವರಿಗಂತೂ ಅಣೆಕಟ್ಟಿನಷ್ಟು ದೊಡ್ಡ ಪ್ರಯೋಗಶಾಲೆ ಊರ ಬಾಗಿಲಲ್ಲಿಯೇ ಉಂಟು. ತಿಂಗಳ ಕೊನೆಗೆ ಆ ಪುಸ್ತಕವನ್ನು ಅವರ ಶಾಲೆಯ ಗುರುಗಳಿಗೂ ತೋರಿಸಿರಿ.